ಶರಾವತಿಯ ಜಾಡಿನಲ್ಲಿ: ಮಕ್ಕಳಿಗೆ ಮಲೆನಾಡಿನ ನೆಲವನ್ನು ಪರಿಚಯಿಸುವ ಬಗೆ

ಗೂಗಲ್ ಮ್ಯಾಪ್ಸ್ ತೆರೆದು, ಮೊದಲು ಮಗುವಿನಿಂದಲೇ ಮನೆಯನ್ನು ಹುಡುಕಿಸಿ; ಆಮೇಲೆ ಟೆರೇನ್ ಪದರವನ್ನು ಆರಿಸಿದರೆ ಬೆಟ್ಟ, ಕಣಿವೆಗಳು ನೆರಳು ಬೆಳಕಿನಲ್ಲಿ ಎದ್ದು ಕಾಣುತ್ತವೆ. ಸಾಗರ, ತೀರ್ಥಹಳ್ಳಿಗಳ ಕಡೆಯವರಿಗೆ ಶರಾವತಿಗಿಂತ ಒಳ್ಳೆಯ ಪಾಠ ಬೇರೆಯಿಲ್ಲವೆಂಬುದು ನನ್ನ ದೃಢ ಅಭಿಪ್ರಾಯ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಈ ನದಿಯನ್ನು ಮಗು ಬೆರಳಿನಿಂದ ಅನುಸರಿಸುತ್ತ ಹೋಗಲಿ: ಲಿಂಗನಮಕ್ಕಿ ಅಣೆಕಟ್ಟಿನ ಹಿಂದೆ ನೀರು ಕಣಿವೆಗಳೊಳಗೆಲ್ಲ ಹರಡಿ, ಗುಡ್ಡಗಳ ನೆತ್ತಿಗಳನ್ನಷ್ಟೇ ನಡುಗಡ್ಡೆಗಳಾಗಿ ಉಳಿಸಿರುವುದನ್ನೂ, ಜೋಗದಲ್ಲಿ ನದಿ 253 ಮೀಟರ್ ಆಳಕ್ಕೆ ಧುಮುಕಿ, ಹೊನ್ನಾವರದ ಬಳಿ ಅರಬ್ಬಿ ಸಮುದ್ರವನ್ನು ಸೇರುವುದನ್ನೂ ಮಗು ತಾನೇ ಕಂಡುಕೊಳ್ಳಬೇಕು. ಇಲ್ಲಿ ಅವಸರ ಮಾಡಬೇಡಿ. ಗೂಗಲ್ ಅರ್ತ್‌ನಲ್ಲಿ ಜಲಪಾತದ ಮೇಲಿನ ಮತ್ತು ಕೆಳಗಿನ ಎತ್ತರಗಳನ್ನು ಓದಿಸಿ, ಕಳೆಯುವ ಲೆಕ್ಕ ಮಾಡಿಸಿ; ಕಡಿದಾದ ಬಂಡೆಯ ಗೋಡೆಯಲ್ಲಿ ಈ ಅಳತೆ ಪೂರ್ತಿ ನಿಖರವಾಗಿರುವುದಿಲ್ಲವೆಂದೂ ತಿಳಿಸಿ.

ಬಳಿಕ ತುಂಗೆಯನ್ನು ಹುಡುಕಿಸಿ. ಅದೇ ತಾಲ್ಲೂಕಿನಲ್ಲಿ ಹರಿದರೂ ಅದರ ನೀರು ತುಂಗಭದ್ರೆ, ಕೃಷ್ಣೆಗಳ ಮೂಲಕ ಬಂಗಾಳ ಕೊಲ್ಲಿಗೆ ಹೋಗುವುದೇಕೆ ಎಂದು ಕೇಳಿ. ಎರಡೂ ನದಿಗಳ ನೀರನ್ನು ಬೇರ್ಪಡಿಸುವ ಎತ್ತರದ ನೆಲವನ್ನು ಮಗು ನಕ್ಷೆಯಲ್ಲಿ ಗುರುತಿಸಲಿ. ಮಳೆ ಬಂದಾಗ, ನಿಮ್ಮ ಅಂಗಳದ ನೀರು ಯಾವ ಹಳ್ಳವನ್ನು, ಮುಂದೆ ಯಾವ ನದಿಯನ್ನು ಸೇರುತ್ತದೆಂಬುದನ್ನು ಮಗುವಿನೊಂದಿಗೆ ನಡೆದು ನೋಡಿ, ನಕ್ಷೆಯೊಡನೆ ಹೋಲಿಸಿ.