ಮೊದಲು ಕಂಬ, ಆಮೇಲೆ ಹಾಯಿ

ಹಲಸೂರು ಕೆರೆಯಲ್ಲಿ ಡಿಂಗಿ ಎಂಬ ಪುಟ್ಟ ಹಾಯಿದೋಣಿ ನಡೆಸಿ ಕೈ ಪಳಗಿದವರೂ ಕೀಲ್‌ಬೋಟ್ (ತಳದಲ್ಲಿ ಭಾರದ ಕೀಲ್ ಇರುವ ಹಾಯಿದೋಣಿ) ಹತ್ತಬೇಕೆಂದರೆ ಚೆನ್ನೈಗೋ ಮುಂಬಯಿಗೋ ರೈಲು ಹಿಡಿಯುತ್ತಾರೆ. ಸಿಗುವುದು ಶನಿವಾರ, ಭಾನುವಾರ ಅಷ್ಟೇ. ಆದರೂ ಮೊದಲ ಒಂದೆರಡು ಗಂಟೆ ದಡದಲ್ಲೇ ಮಾಸ್ಟ್‌ಗೆ, ಅಂದರೆ ಹಾಯಿಕಂಬಕ್ಕೆ, ಕೊಡಿ. ಕಂಬ ಸೊಟ್ಟಗಿದ್ದರೆ ಹೊಸ ಹಾಯಿಯೂ ಹಳೆಯ ಚೀಲದಂತೆಯೇ ನಿಲ್ಲುತ್ತದೆ.

ಉದ್ದದ ಸ್ಟೀಲ್ ಟೇಪ್, ಎರಡು ಸ್ಪ್ಯಾನರ್, ಗಾರೆಯವರ ತೂಕದ ಗುಂಡು ಎಸ್‌ಜೆಪಿ ರಸ್ತೆಯಲ್ಲೇ ಸಿಗುತ್ತವೆ. ತಿರುಪು ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ ಮಾತ್ರ 316 ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ, ಉಪ್ಪುನೀರಿಗೆ ಬೇರೆಯದು ತುಕ್ಕು ಹಿಡಿಯುತ್ತದೆ.

ಗಾಳಿಯಿಲ್ಲದ ಹೊತ್ತು ನೋಡಿ, ದೋಣಿ ಎಡಬಲಕ್ಕೆ ವಾಲದಂತೆ ಸಾಮಾನು ಜೋಡಿಸಿ, ಬ್ಯಾಕ್‌ಸ್ಟೇ (ಕಂಬವನ್ನು ಹಿಂದಕ್ಕೆ ಹಿಡಿದಿರುವ ತಂತಿ) ಸಡಿಲಿಸಿ. ದೊಡ್ಡ ಹಾಯಿಯನ್ನು ಏರಿಸುವ ಹಗ್ಗವಾದ ಮೇನ್ ಹ್ಯಾಲಿಯಾರ್ಡ್‌ಗೆ ಟೇಪಿನ ತುದಿ ಕಟ್ಟಿ ಮೇಲೇರಿಸಿ, ಎರಡೂ ಬದಿಯ ಚೈನ್‌ಪ್ಲೇಟ್‌ಗೆ (ಬದಿಯ ತಂತಿಗಳು ದೋಣಿಗೆ ಸೇರುವ ಲೋಹದ ಪಟ್ಟಿ) ಅಳೆಯಿರಿ. ಅಳತೆ ಒಂದೇ ಬರುವವರೆಗೆ ಮೇಲಿನ ಶ್ರೌಡ್‌ಗಳ (ಕಂಬವನ್ನು ಎರಡೂ ಬದಿಗೆ ಹಿಡಿದಿರುವ ತಂತಿಗಳ) ಟರ್ನ್‌ಬಕಲ್, ಅಂದರೆ ಬಿಗಿಸುವ ತಿರುಪು, ತಿರುಗಿಸಿ. ಆಮೇಲೆ ಎಡಬದಿಯದಕ್ಕೆ ಒಂದು ಸುತ್ತು, ಬಲಬದಿಯದಕ್ಕೆ ಒಂದು ಸುತ್ತು ಎಂದು ಸಮನಾಗಿ ಬಿಗಿಸಿ. ಕೆಳಗಿನ ಶ್ರೌಡ್‌ಗಳಿಗೆ ಕಣ್ಣೇ ಅಳತೆ: ಹಾಯಿ ಏರುವ ಕಂಬದ ತೋಡಿಗೆ ಕಣ್ಣು ಹಚ್ಚಿ ಮೇಲೆ ನೋಡಿದರೆ ಅದು ನೇರ ಗೆರೆಯಾಗಿ ಕಾಣಬೇಕು.

ಕಂಬ ಹಿಂದಕ್ಕೆ ಎಷ್ಟು ವಾಲಿದೆ ಎಂದು ತಿಳಿಯಲು ಟೇಪ್ ಬಿಚ್ಚಿ, ಅದೇ ಹ್ಯಾಲಿಯಾರ್ಡ್‌ನಲ್ಲಿ ಗುಂಡನ್ನು ತೂಗುಬಿಡಿ. ಗುಂಡು ಓಲಾಡದಂತೆ ಅದನ್ನು ನೀರಿನ ಬಕೆಟ್‌ನಲ್ಲಿ ಮುಳುಗಿಸಿ. ಬೂಮ್‌ನ (ಹಾಯಿಯ ಬುಡದ ಅಡ್ಡಕಂಬದ) ಮಟ್ಟದಲ್ಲಿ ಹಗ್ಗಕ್ಕೂ ಕಂಬಕ್ಕೂ ಇರುವ ಅಂತರ ಅಳೆದು, ಆ ದೋಣಿಯ ಟ್ಯೂನಿಂಗ್ ಕೈಪಿಡಿಯೊಂದಿಗೆ ಹೋಲಿಸಿ. ಬದಲಿಸಬೇಕಾದರೆ ಕಂಬವನ್ನು ಮುಂದಕ್ಕೆ ಹಿಡಿದಿರುವ ತಂತಿ, ಅಂದರೆ ಫೋರ್‌ಸ್ಟೇಯ ಉದ್ದ ಬದಲಿಸಿ.

ನಿಜವಾದ ಪರೀಕ್ಷೆ ನೀರಿನ ಮೇಲೆ, 10ರಿಂದ 12 ನಾಟ್ (ಗಂಟೆಗೆ ಸುಮಾರು 18ರಿಂದ 22 ಕಿ.ಮೀ.) ಗಾಳಿಯಲ್ಲಿ. ಗಾಳಿಗೆ ಆದಷ್ಟು ಎದುರಾಗಿ ಸಾಗುವಾಗ ಗಾಳಿಮರೆಯ ಬದಿಯ (ಗಾಳಿ ಬರುವ ಕಡೆಗೆ ವಿರುದ್ಧ ಬದಿಯ) ಶ್ರೌಡ್ ತುಸು ಸಡಿಲವಾಗಬೇಕು, ಜೋತಾಡಬಾರದು. ಕಂಬದ ತುದಿ ಗಾಳಿಮರೆಯತ್ತ ಬಾಗಿದರೆ ಮೇಲಿನ ಶ್ರೌಡ್ ಬಿಗಿಸಿ, ನಡು ಬಾಗಿದರೆ ಕೆಳಗಿನದನ್ನು. ತಿರುಗಿಸುವುದು ಸಡಿಲವಾದ ಬದಿಯದ್ದನ್ನೇ. ದೋಣಿ ಮಗ್ಗುಲು ಬದಲಿಸಿದ ಮೇಲೆ ಇನ್ನೊಂದನ್ನು. ಭಾರ ಹೊತ್ತ ಟರ್ನ್‌ಬಕಲ್ ತಿರುಗಿಸಿದರೆ ತಿರುಪಿನ ಗೆರೆ ಸವೆಯುತ್ತದೆ.

ಇನ್ನು ಹಾಯಿ. ಮುಂದಿನ ಹಾಯಿ, ಅಂದರೆ ಜಿಬ್‌ನ ಮೇಲಿರುವ ಟೆಲ್‌ಟೇಲ್ (ಗಾಳಿಯ ಹರಿವು ತೋರುವ) ಎಳೆಗಳನ್ನು ನೋಡುತ್ತಿರಿ. ಗಾಳಿ ಬರುವ ಬದಿಯ ಎಳೆ ಕುಣಿದರೆ ಶೀಟ್ (ಹಾಯಿಯನ್ನು ಎಳೆಯುವ ಹಗ್ಗ) ಎಳೆಯಿರಿ, ಗಾಳಿಮರೆಯದು ಕುಣಿದರೆ ಸಡಿಲಿಸಿ. ಎದುರುಗಾಳಿಗೆ ಮೆಲ್ಲನೆ ತಿರುಗುವಾಗ ಮೇಲಿನ ಎಳೆ ಮೊದಲು ಕುಣಿದರೆ ಶೀಟ್ ಹಾಯುವ ಕಾರ್ (ಹಳಿಯ ಮೇಲೆ ಸರಿಯುವ ರಾಟೆ) ಮುಂದಕ್ಕೆ, ಕೆಳಗಿನದು ಮೊದಲು ಕುಣಿದರೆ ಹಿಂದಕ್ಕೆ. ಮೇನ್‌ಸೇಲ್‌ನ, ಅಂದರೆ ದೊಡ್ಡ ಹಾಯಿಯ, ಮೇಲಿನ ಬ್ಯಾಟನ್ (ಹಾಯಿಯೊಳಗಿನ ಪಟ್ಟಿ) ಬೂಮ್‌ಗೆ ಹೆಚ್ಚುಕಡಿಮೆ ಸಮಾನಾಂತರವಾಗಿರಲಿ. ಕಂಬದಿಂದ ಅಡ್ಡ ಸುಕ್ಕುಗಳು ಬಂದರೆ ಹ್ಯಾಲಿಯಾರ್ಡ್‌ನ ಬಿಗಿ ಸಾಲದು. ಕಂಬದ ಉದ್ದಕ್ಕೂ ಮಡಿಕೆ ನಿಂತರೆ ಅತಿಯಾಯಿತು.

ಗಾಳಿ ಜೋರಾಗಿ ಚುಕ್ಕಾಣಿ ಕೈಯನ್ನು ಜಗ್ಗತೊಡಗಿದರೆ ಬಹಳ ಜನ ತೋಳ್ಬಲದಲ್ಲೇ ಎದುರಿಸುತ್ತಾರೆ. ಚುಕ್ಕಾಣಿ 3ರಿಂದ 5 ಡಿಗ್ರಿಗಿಂತ ಹೆಚ್ಚು ತಿರುಗಿದ್ದರೆ ಅದೇ ಬ್ರೇಕ್ ಆಗುತ್ತದೆ. ಬ್ಯಾಕ್‌ಸ್ಟೇ ಎಳೆಯಿರಿ: ಕಂಬ ಬಾಗಿ ಮೇನ್‌ಸೇಲ್ ಚಪ್ಪಟೆಯಾಗುತ್ತದೆ, ಫೋರ್‌ಸ್ಟೇಯೂ ಬಿಗಿಯುತ್ತದೆ. ಸಾಲದಿದ್ದರೆ ಟ್ರಾವೆಲರ್ (ಮೇನ್‌ಸೇಲ್‌ನ ಶೀಟ್ ಅಡ್ಡ ಸರಿಯುವ ಹಳಿಯ ಗಾಡಿ) ಗಾಳಿಮರೆಯತ್ತ ಇಳಿಸಿ, ಆಮೇಲೆ ರೀಫ್, ಅಂದರೆ ಹಾಯಿಯನ್ನು ಮಡಚಿ ಕಿರಿದು ಮಾಡುವುದು.

ದಡ ಸೇರಿದ ಮೇಲೆ ಬ್ಯಾಕ್‌ಸ್ಟೇ ಸಡಿಲಿಸಿ, ಟರ್ನ್‌ಬಕಲ್‌ಗಳಿಗೆ ಸ್ಪ್ಲಿಟ್ ಪಿನ್ ಹಾಕಿ ಅಂಟುಟೇಪ್ ಸುತ್ತಿ. ಬರಿದಾದ ಪಿನ್ ತುದಿ ಹಾಯಿಯನ್ನೂ ಹರಿಯುತ್ತದೆ, ಕಾಲನ್ನೂ.