ಹಳೇ ಫೋರ್ಡ್ ವಿ8 ಕುದಿಯುತ್ತಿದೆಯೇ? ವಾಟರ್ ಪಂಪ್ ಬಿಚ್ಚುವ ಮೊದಲು ಅಳತೆ ಬರೆದಿಡಿ

ಫೋರ್ಡ್ ಕಂಪನಿ 1932ರಲ್ಲಿ ತಂದ ಫ್ಲ್ಯಾಟ್‌ಹೆಡ್ ವಿ8 ಎಂಜಿನ್ ಅಮೆರಿಕದ ಕಾರುಗಳಲ್ಲಿ 1953ರವರೆಗೂ ಓಡಿತು. ಎರಡನೇ ಮಹಾಯುದ್ಧದಲ್ಲಿ ಫೋರ್ಡ್ ಮಾಡಿದ ಕೆನಡಾ ಮಿಲಿಟರಿ ಟ್ರಕ್ಕುಗಳಲ್ಲೂ ಇದೇ ಇತ್ತು. ‘ಬಿಸಿಯಾಗುವುದು ಇದರ ಹಣೆಬರಹ’ ಎಂದು ಕೈಚೆಲ್ಲುವವರೇ ಹೆಚ್ಚು. ಹಣೆಬರಹವೇನೂ ಅಲ್ಲ, ಅರ್ಧ ವಿನ್ಯಾಸ, ಅರ್ಧ ಅವಸರದ ರಿಪೇರಿ. ವಾಲ್ವುಗಳು ಬ್ಲಾಕಿನಲ್ಲೇ (ಸಿಲಿಂಡರುಗಳಿರುವ ಎಂಜಿನ್ನಿನ ಮುಖ್ಯ ಎರಕದಲ್ಲೇ) ಇರುವುದರಿಂದ ಸುಟ್ಟ ಗ್ಯಾಸು ಬ್ಲಾಕಿನೊಳಗೆ, ನೀರಿನ ಪಕ್ಕದಲ್ಲೇ ಹಾದು ಹೊರಬೀಳಬೇಕು. ಅದರಲ್ಲೂ ಪ್ರತಿ ಬದಿಯ ನಡುವಿನ ಎರಡು ಸಿಲಿಂಡರುಗಳಿಗೆ ಒಂದೇ ದಾರಿ. ಆ ಶಾಖವೆಲ್ಲ ನೀರಿಗೇ ಇಳಿಯುತ್ತದೆ. ಅದಕ್ಕೇ ಬದಿಗೊಂದರಂತೆ ಎರಡು ಪಂಪು ಕೊಟ್ಟಿದ್ದಾರೆ.

1936ರವರೆಗೆ ಪಂಪುಗಳು ಹೆಡ್ಡಿನ (ಸಿಲಿಂಡರುಗಳ ಮೇಲಿನ ಮುಚ್ಚಳದ) ಮೇಲೆ ಕೂತು ಬಿಸಿನೀರನ್ನು ಎಳೆಯುತ್ತಿದ್ದವು. 1937ರಿಂದ ಬ್ಲಾಕಿನ ಮುಂದಕ್ಕೆ ಬಂದು ರೇಡಿಯೇಟರಿನ ತಣ್ಣೀರನ್ನು ಒಳಕ್ಕೆ ತಳ್ಳತೊಡಗಿದವು. ಇಲ್ಲಿ ಹೇಳುವುದು 1937ರಿಂದ 1948ರವರೆಗಿನ ಪಂಪುಗಳ ಮಾತು.

ಹಂತ 1: ತಪ್ಪು ಪಂಪಿನದೇ ಎಂದು ಖಚಿತ ಮಾಡಿಕೊಳ್ಳಿ. ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದು ಕಿಡಿ ತಡವಾಗಿ ಹಾರುತ್ತಿದ್ದರೂ, ರೇಡಿಯೇಟರ್ ಕಟ್ಟಿದ್ದರೂ ಎಂಜಿನ್ ಬಿಸಿಯಾಗುತ್ತದೆ. ಪಂಪಿನ ಅಡಿಯ ಸಣ್ಣ ತೂತಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಸೀಲು ಹೋಗಿದೆ. ಪುಲ್ಲಿ ಹಿಡಿದು ಅಲ್ಲಾಡಿಸಿದಾಗ ಆಡಿದರೆ ಬೇರಿಂಗ್ ಹೋಗಿದೆ. ಆ ತೂತಿಗೆ ಎಂ-ಸೀಲ್ ಮೆತ್ತಿ ‘ಲೀಕ್ ನಿಲ್ಲಿಸಿದೆ’ ಎನ್ನುವ ಬುದ್ಧಿವಂತರಿದ್ದಾರೆ. ಹಾಗೆ ಮಾಡಿದರೆ ಹೊರಗೆ ಬೀಳಬೇಕಾದ ನೀರು ಸೀದಾ ಬೇರಿಂಗಿಗೆ ನುಗ್ಗುತ್ತದೆ.

ಹಂತ 2: ನೀರು ಇಳಿಸಿ, ಪಂಪು ಕಳಚಿ. ಈ ಪಂಪುಗಳು ಎಂಜಿನ್ನಿನ ಮುಂಭಾಗವನ್ನು ಹೊರುವ ಕಾಲುಗಳೂ ಹೌದು. ಎಂಜಿನ್ ಕೆಳಗೆ ಮರದ ಹಲಗೆಯಿಟ್ಟು ಜಾಕ್ ಕೊಡದೆ ಬೋಲ್ಟು ಮುಟ್ಟಬೇಡಿ. ಇನ್ನೊಂದು ಮಾತು: ಒಂದು ಬೋಲ್ಟು ಕೆಳಗಿನ ಹೋಸ್ ಸಿಕ್ಕಿಸುವ ಬಾಯಿಯ ಒಳಗಡೆ ಅಡಗಿರುತ್ತದೆ. ಅದನ್ನು ನೋಡದೆ ಸಬ್ಬಲ್ ಹಾಕಿ ಮೀಟಿ, ಬೀಡು ಕಬ್ಬಿಣದ ಕಿವಿ ಮುರಿದುಕೊಂಡವರು ಎಷ್ಟೋ ಜನ. ಹೋಸ್ ತೆಗೆದು, ಟಾರ್ಚ್ ಬಿಟ್ಟು ನೋಡಿ.

ಹಂತ 3: ಅಳತೆ. ಎಲ್ಲರೂ ಹಾರಿಸುವ ಹಂತ ಇದೇ. ಪಂಪು ಕೈಗೆ ಬಂದ ತಕ್ಷಣ ಭಾಗಗಳನ್ನು ಒತ್ತಿ ಬಿಚ್ಚುವ ಪ್ರೆಸ್ಸಿಗೆ ಒಡ್ಡುತ್ತಾರೆ. ಆಮೇಲೆ ಇಂಪೆಲ್ಲರನ್ನು (ನೀರು ತಳ್ಳುವ ರೆಕ್ಕೆಚಕ್ರವನ್ನು) ಎಷ್ಟು ಒಳಕ್ಕೆ ಕೂರಿಸಬೇಕು, ಪುಲ್ಲಿ ಎಲ್ಲಿ ನಿಲ್ಲಬೇಕು ಎಂದು ಗೊತ್ತಾಗದೆ ಅಂದಾಜಿನಲ್ಲಿ ಒತ್ತುತ್ತಾರೆ. ಪುಲ್ಲಿ ಸ್ವಲ್ಪ ಹಿಂದೆಮುಂದೆ ಆದರೆ ಬೆಲ್ಟು ಓರೆಯಾಗಿ ಓಡಿ ಸವೆಯುತ್ತದೆ. ಇಂಪೆಲ್ಲರ್ ಬ್ಲಾಕಿನ ಗೋಡೆಯಿಂದ ದೂರ ಕೂತರೆ ಅದಕ್ಕಿಂತ ಕಷ್ಟ. ಹೆದ್ದಾರಿಯಲ್ಲಿ ಗೊತ್ತೇ ಆಗುವುದಿಲ್ಲ, ಸಿಗ್ನಲ್ಲಿನಲ್ಲಿ ನಿಂತಾಗ, ಎಂಜಿನ್ ನಿಧಾನಕ್ಕೆ ತಿರುಗುವಾಗ, ನೀರು ಸರಿಯಾಗಿ ಓಡದೆ ಬಿಸಿ ತೋರಿಸುವ ಮುಳ್ಳು ಏರುತ್ತದೆ. ತೀರಾ ಹತ್ತಿರ ಕೂತರೆ ಕೆರೆಯುತ್ತದೆ.

ಹಾಗಾಗಿ ಗ್ಯಾಸ್ಕೆಟ್ ಕೂರುವ ಮುಖವನ್ನು ಉಜ್ಜಿ ಸ್ವಚ್ಛ ಮಾಡಿ. ಆ ಮುಖದಿಂದ ಇಂಪೆಲ್ಲರಿನ ರೆಕ್ಕೆಯ ತುದಿಗೆ ಎಷ್ಟು, ಪುಲ್ಲಿಯ ಅಂಚಿಗೆ ಎಷ್ಟು ಎಂದು ವರ್ನಿಯರಿನಲ್ಲಿ ಅಳೆದು ಬರೆದಿಡಿ. ಎಡ, ಬಲ ಎಂದು ಬೇರೆಬೇರೆ ಗುರುತು ಹಾಕಿ, ಎರಡರ ಆಕಾರ ಒಂದೇ ಅಲ್ಲ. ಹಿಂದೆ ಯಾರೋ ಬಿಚ್ಚಿದ್ದ ಪಂಪಾದರೆ ಆ ಅಳತೆಯನ್ನೂ ನಂಬಬೇಡಿ. ಹಂತ 4ರ ಕೊನೆಗೆ ಹೇಳುವ ಜೇಡಿ ಪರೀಕ್ಷೆ ಅದಕ್ಕೇ.

ಹಂತ 4: ಹೊಸ ಬೇರಿಂಗ್, ಹೊಸ ಸೀಲು. ಪುಲ್ಲಿಯನ್ನು ಪುಲ್ಲರಿನಲ್ಲೇ ಎಳೆಯಬೇಕು, ಸುತ್ತಿಗೆ ಬೇಡ. ತಡೆಯುವ ರಿಂಗು ಇದ್ದರೆ ಮೊದಲು ತೆಗೆದು, ಶಾಫ್ಟನ್ನು ಬೇರಿಂಗ್ ಸಮೇತ ಪುಲ್ಲಿಯ ಕಡೆಗೆ ಒತ್ತಿ ಹೊರತೆಗೆಯಿರಿ.

ಈಗ ಸೀಲಿನ ಇಂಗಾಲದ ಉಂಗುರ ಉಜ್ಜುವ ಮುಖವನ್ನು ಬೆಳಕಿಗೆ ಹಿಡಿಯಿರಿ. ತುಕ್ಕು ತಿಂದ ಗುಳಿಯೋ, ಬಳೆಯಂಥ ಗೀರೋ ಕಂಡರೆ ಹೊಸ ಸೀಲು ಹಾಕಿಯೂ ಪ್ರಯೋಜನವಿಲ್ಲ, ಅದೇ ವಾರ ಸೋರುತ್ತದೆ. ಸಣ್ಣ ಗೀರಾದರೆ ದಪ್ಪ ಗಾಜಿನ ಮೇಲೆ ನಯ ವಾಟರ್ ಪೇಪರ್ ಇಟ್ಟು ತಿರುಗಿಸುತ್ತಾ ಉಜ್ಜಿ. ಆಳವಾಗಿದ್ದರೆ ಲೇತಿಗೆ ಕೊಡಿ. ‘ಓಡ್ತಾ ಓಡ್ತಾ ಕೂರುತ್ತೆ ಬಿಡಿ ಸಾರ್’ ಎನ್ನುವ ಮೆಕ್ಯಾನಿಕ್ಕಿನ ಹತ್ತಿರ ಈ ಕೆಲಸ ಬಿಡಬೇಡಿ.

ಬೇರಿಂಗನ್ನು ಒತ್ತುವಾಗ ಅದರ ಹೊರ ಬಳೆಯ ಮೇಲೆ ಮಾತ್ರ ಭಾರ ಬೀಳಬೇಕು. ಸರಿಯಾದ ಅಳತೆಯ ಪೈಪಿನ ತುಂಡು ಸಾಕು. ಶಾಫ್ಟಿನ ತುದಿಯ ಮೇಲೆ ಒತ್ತಿದರೆ ಗುಂಡುಗಳು ಬಳೆಗೆ ಕಚ್ಚು ಹಾಕುತ್ತವೆ, ಹೊಸ ಬೇರಿಂಗ್ ಅಲ್ಲೇ ಹಳೆಯದಾಯಿತು. ಸೀಲನ್ನೂ ಹೊರ ಅಂಚಿನಲ್ಲೇ ಒತ್ತಿ. ಅಂಚಿಗೆ ತೆಳುವಾಗಿ ಸೀಲಂಟ್ ಸವರಿ. ರಬ್ಬರಿಗೆ ಗ್ರೀಸ್ ಬೇಡ, ನೀರು ಸಾಕು. ಉಜ್ಜುವ ಮುಖಕ್ಕೆ ಎಣ್ಣೆಗೈ ತಾಗಿಸಬೇಡಿ.

ಕೊನೆಗೆ ಇಂಪೆಲ್ಲರ್. ಆಗ ಶಾಫ್ಟಿನ ಪುಲ್ಲಿ ಕಡೆಯ ತುದಿ ಪ್ರೆಸ್ಸಿನ ತಟ್ಟೆಯ ಮೇಲೆ ಊರಿರಬೇಕು, ಪಂಪಿನ ಮೈ ಊರಿರಬಾರದು. ಬರೆದಿಟ್ಟ ಅಳತೆಗೆ ಬಂದ ಕೂಡಲೇ ನಿಲ್ಲಿಸಿ. ಪುಲ್ಲಿಯನ್ನೂ ಅದರ ಅಳತೆಗೇ ಕೂರಿಸಿ. ರೆಕ್ಕೆಗಳ ಮೇಲೆ ಮಕ್ಕಳ ಆಟದ ಜೇಡಿಯನ್ನು ಬಟಾಣಿಯಷ್ಟು ಅಂಟಿಸಿ, ಪಂಪನ್ನು ಗ್ಯಾಸ್ಕೆಟ್ ಸಮೇತ ಬ್ಲಾಕಿಗೆ ಬಿಗಿದು ಕೈಯಲ್ಲಿ ಒಂದು ಸುತ್ತು ತಿರುಗಿಸಿ, ಬಿಚ್ಚಿ. ಚಪ್ಪಟೆಯಾದ ಜೇಡಿಯ ದಪ್ಪವೇ ನಿಮಗೆ ಸಿಕ್ಕ ಸಂದು. ಎರಡೂ ಬದಿ ಹೆಚ್ಚು ಕಡಿಮೆ ಒಂದೇ ಇರಬೇಕು.

ಪಂಪಿನ ಬಾಯಿಗಳಿಗೆ ರಬ್ಬರ್ ಬಿರಡೆ ಕೊಟ್ಟು, ನೀರು ತುಂಬಿ, ರಾತ್ರಿಯಿಡೀ ಹಾಳೆಯ ಮೇಲೆ ನಿಲ್ಲಿಸಿ. ಬೆಳಗ್ಗೆ ಹಾಳೆ ಒದ್ದೆಯಾಗದೆ ಇದ್ದರೆ ಗಾಡಿಗೆ ಹಾಕಬಹುದು. ಒಂದೇ ಪಂಪು ಹೋಗಿದ್ದರೂ ಎರಡನ್ನೂ ಒಟ್ಟಿಗೇ ಮಾಡಿಸಿ.

ರೇಸಿನ ಹುಡುಗರು ಹಿಂದೆ ಇಂಪೆಲ್ಲರಿನ ರೆಕ್ಕೆಗಳನ್ನು ಒಂದು ಬಿಟ್ಟು ಒಂದು ಕತ್ತರಿಸುತ್ತಿದ್ದರು. ಅವರಿಗದು ಸರಿ, ಎಂಜಿನ್ ಸದಾ ಜೋರಾಗಿ ತಿರುಗುತ್ತಿತ್ತು, ಒತ್ತಡವಿಲ್ಲದ ರೇಡಿಯೇಟರಿಗೆ ನೀರು ಜಾಸ್ತಿಯಾಗಿ ಓವರ್‌ಫ್ಲೋ ಪೈಪಿನಿಂದ ಚೆಲ್ಲುತ್ತಿತ್ತು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ತೆವಳುವ ಗಾಡಿಗೆ ಆ ವಿದ್ಯೆ ಬೇಡ. ನೀರು ಬಿಸಿಯಾದ ಮೇಲೆ ದಾರಿ ತೆರೆಯುವ ಥರ್ಮೋಸ್ಟ್ಯಾಟ್ ತೆಗೆದು ವಾಷರ್ ಹಾಕುವುದೂ ನನಗೆ ಒಪ್ಪಿಗೆಯಿಲ್ಲ. ಬದಿಗೊಂದು 71 ಡಿಗ್ರಿಯ ಥರ್ಮೋಸ್ಟ್ಯಾಟ್ ಇರಲಿ.

ಹಂತ 5: ಬ್ಲಾಕ್ ತೊಳೆಯಿರಿ. ಪಂಪು ಹೊರಗಿರುವಾಗಲೇ ಇದಕ್ಕೆ ಅವಕಾಶ. ಎರಕದ ಮರಳು, ತುಕ್ಕು, ಬೋರ್‌ವೆಲ್ ನೀರಿನ ಸುಣ್ಣ ಎಲ್ಲ ಸೇರಿ ಹಿಂಬದಿಯ ತಳದಲ್ಲಿ ಗಟ್ಟಿಯಾಗಿರುತ್ತದೆ. ಬಗ್ಗಿಸಿದ ವೆಲ್ಡಿಂಗ್ ಕಡ್ಡಿಯಿಂದ ಕೆದಕುತ್ತಾ, ಹೆಡ್ಡಿನ ಕಡೆಯಿಂದ ಪೈಪು ಹಿಡಿದು ತಿಳಿನೀರು ಬರುವವರೆಗೂ ತೊಳೆಯಿರಿ. ಇದನ್ನು ಬಿಟ್ಟು ಪಂಪು ಮಾತ್ರ ಹೊಸದು ಮಾಡಿದರೆ ಆ ಕೆಸರು ನೇರ ರೇಡಿಯೇಟರಿಗೆ ಹೋಗುತ್ತದೆ.

ಹಂತ 6: ಮರುಜೋಡಣೆ. ಹೊಸ ಗ್ಯಾಸ್ಕೆಟ್, ತೆಳು ಸೀಲಂಟ್, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಒಳಗಿನ ಬೋಲ್ಟು ಮರೆಯಬೇಡಿ. ಸುಮಾರು 20 ಲೀಟರ್ ಹಿಡಿಯುತ್ತದೆ. ಡಿಸ್ಟಿಲ್ಡ್ ವಾಟರಿಗೆ ಕೂಲಂಟ್ ಬೆರೆಸಿ ನಿಧಾನವಾಗಿ ತುಂಬಿ. ಹಳೇ ರೇಡಿಯೇಟರಿಗೆ ಈಗಿನ ಕಾರಿನ ಒತ್ತಡದ ಮುಚ್ಚಳ ಹಾಕಿದರೆ ಬೆಸುಗೆ ಬಿಡುತ್ತದೆ. ಲೀಕ್ ನಿಲ್ಲಿಸುವ ಪುಡಿಯನ್ನಂತೂ ಹತ್ತಿರವೂ ಸೇರಿಸಬೇಡಿ, ಅದು ತೂತಿಗಿಂತ ಮೊದಲು ರೇಡಿಯೇಟರಿನ ಸಣ್ಣ ಕೊಳವೆಗಳನ್ನು ಮುಚ್ಚುತ್ತದೆ. ಮೊದಲ ಓಡಾಟದ ನಂತರ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ನೀರಿನ ಮಟ್ಟ ನೋಡಿ, ಬೆಲ್ಟಿನ ಬಿಗಿ ನೋಡಿ, ಪಂಪಿನ ಬೋಲ್ಟುಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಕೊಡಿ.