ರಾತ್ರಿಯಿಡೀ ಆಡುವ ಕುರುಕ್ಷೇತ್ರ ದಸರಾಕ್ಕೆ ಮೂರು ಗಂಟೆಯಾಗಿದ್ದು: ನನ್ನ ಅನುಭವ

ಮಂಡ್ಯ ಸುತ್ತಮುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವುದು ನನ್ನ ಕೆಲಸ. ಹಾರ್ಮೋನಿಯಂ ನುಡಿಸುತ್ತೇನೆ, ಪದ್ಯ ಹೇಳಿಕೊಡುತ್ತೇನೆ, ನಿರ್ದೇಶನವೂ ನನ್ನದೇ. ಗೌರಿ ಹಬ್ಬ ಕಳೆಯಿತು ಅಂದರೆ ಫೋನ್ ಶುರು. "ಮೇಷ್ಟ್ರೇ, ದಸರಾಕ್ಕೆ ಮೈಸೂರಲ್ಲಿ ಹಾಲ್ ಸಿಕ್ಕದೆ, ಆದ್ರೆ ಮೂರೇ ಗಂಟೆ ಕೊಟ್ಟವ್ರೆ, ಕುರುಕ್ಷೇತ್ರ ಆಯ್ತದಾ?" ಅಂತ ಕೇಳುತ್ತಾರೆ. ಖಂಡಿತ ಆಗುತ್ತದೆ. ಆದರೆ ಏನನ್ನು ಬಿಡಬೇಕು, ಏನನ್ನು ಉಳಿಸಬೇಕು ಅನ್ನುವುದರಲ್ಲೇ ಎಲ್ಲ ಇದೆ. ಎಷ್ಟೋ ತಂಡಗಳು ಸಮಯ ಸಾಲದು ಅಂತ ಮೊದಲು ಪದ್ಯಕ್ಕೇ ಕತ್ತರಿ ಹಾಕುತ್ತವೆ. ನನಗೆ ತುಂಬಾ ಬೇಜಾರಾಗುವುದು ಅದಕ್ಕೇ. ಹಾಗಾಗಿ ನಾನು ಹೇಗೆ ಮಾಡುತ್ತೇನೆ ಅಂತ ಬರೆದಿಡುತ್ತಿದ್ದೇನೆ, ಬೇರೆ ತಂಡದವರಿಗೂ ಉಪಯೋಗ ಆಗಲಿ.

ಮೊದಲು ಈ ಕಾಲದ ವಿಚಾರ. ನಮ್ಮ ಕಡೆ ರಾತ್ರಿಯಿಡೀ ಆಡುವ ನಾಟಕಗಳು ಜಾಸ್ತಿ ಆಗುವುದು ಸುಗ್ಗಿ ಮುಗಿದ ಮೇಲೆ, ಊರ ಹಬ್ಬ ಜಾತ್ರೆಗಳ ಹೊತ್ತಿಗೆ. ಆಗ ಬಯಲಲ್ಲಿ ಪೆಂಡಾಲ್ ಹಾಕಬಹುದು, ಮಳೆ ಭಯವಿಲ್ಲ. ದಸರಾ, ದೀಪಾವಳಿ ಸಮಯದಲ್ಲಿ ಹಾಗಲ್ಲ. ಹಸ್ತ, ಚಿತ್ತಾ, ಸ್ವಾತಿ ಮಳೆ ಯಾವಾಗ ಬೇಕಾದರೂ ಹೊಯ್ಯುತ್ತವೆ. ಅದಕ್ಕೇ ಈ ತಿಂಗಳುಗಳಲ್ಲಿ ಮೈಸೂರಿನ ಪುರಭವನ, ಮಂಡ್ಯದ ಕಲಾಮಂದಿರದಂಥ ಸೂರಿರುವ ಜಾಗಗಳಿಗೆ ಬೇಡಿಕೆ. ತಾಲೀಮಿಗೂ ಇದೇ ಒಳ್ಳೆಯ ಕಾಲ. ಕೆಆರ್‌ಎಸ್‌ನಿಂದ ನಾಲೆಗೆ ನೀರು ಬಿಟ್ಟು, ಭತ್ತದ ನಾಟಿ ಮುಗಿದು, ಕಳೆ ತೆಗೆದಾದ ಮೇಲೆ ಕೊಯ್ಲಿನವರೆಗೆ ಸ್ವಲ್ಪ ಬಿಡುವಿರುತ್ತದೆ. ರಾತ್ರಿ ಊಟ ಮುಗಿಸಿ, ಟಾರ್ಚ್ ಹಿಡಿದು, ದೇವಸ್ಥಾನದ ಪಕ್ಕದ ಸಮುದಾಯ ಭವನಕ್ಕೆ ಒಬ್ಬೊಬ್ಬರೇ ಬರುತ್ತಾರೆ. ಹಗಲೆಲ್ಲ ಕಬ್ಬಿನ ಗದ್ದೆಯಲ್ಲಿದ್ದವರು, ಆಟೋ ಓಡಿಸಿದವರು, ಬ್ಯಾಂಕಿನಲ್ಲಿ ಕೂತಿದ್ದವರು ಎಲ್ಲರೂ.

ಹೊರಗಿನವರಿಗೆ ಗೊತ್ತಿಲ್ಲದ ಒಂದು ಮಾತು ಹೇಳಬೇಕು. ನಮ್ಮಲ್ಲಿ ಪಾತ್ರ ಮಾಡುವವರು ದುಡ್ಡು ತೆಗೆದುಕೊಳ್ಳುವುದಿಲ್ಲ, ತಾವೇ ಕೊಡುತ್ತಾರೆ. ದುರ್ಯೋಧನ, ಕೃಷ್ಣ, ಭೀಮ, ಕರ್ಣನಿಗೆ ಜಾಸ್ತಿ, ವಿದುರ, ಸೈಂಧವನಿಗೆ ಅದಕ್ಕಿಂತ ಕಡಿಮೆ. ಆ ದುಡ್ಡಿನಲ್ಲೇ ಸೀನರಿ, ಉಡುಪು, ಲೈಟು, ವಾದ್ಯದವರು, ಸ್ತ್ರೀ ಪಾತ್ರದ ಕಲಾವಿದೆಯರು, ಎಲ್ಲದರ ಖರ್ಚು. ಆಸೆ ಪಟ್ಟವರು ಜಾಸ್ತಿ ಇದ್ದರೆ ಒಂದೇ ಪಾತ್ರವನ್ನು ಹಂಚುತ್ತೇವೆ. ಒಂದನೇ ದುರ್ಯೋಧನ, ಎರಡನೇ ದುರ್ಯೋಧನ ಅಂತ ಪೋಸ್ಟರಿನಲ್ಲೂ ಹಾಗೇ ಹಾಕಿಸುತ್ತೇವೆ. ಇಷ್ಟೆಲ್ಲ ಕೊಟ್ಟು ಒಬ್ಬ ರೈತ ವೇದಿಕೆ ಹತ್ತುವುದು ಯಾಕೆ? ಪದ್ಯ ಹೇಳುವುದಕ್ಕೆ. ತನ್ನ ಊರಿನವರ ಮುಂದೆ, ಹೆಂಡತಿ ಮಕ್ಕಳ ಮುಂದೆ, ಕಿರೀಟ ಇಟ್ಟುಕೊಂಡು ಗಂಟಲು ತುಂಬ ಒಂದು ಕಂದ ಪದ್ಯ ಹೇಳಬೇಕು, ಜನ ಒನ್ಸ್ ಮೋರ್ ಅನ್ನಬೇಕು. ಅವನ ಪದ್ಯ ಕಿತ್ತು ಬರೀ ಮಾತು ಕೊಟ್ಟರೆ ಅವನು ಬಂದಿದ್ದೇ ದಂಡ.

ನಮ್ಮ ನಾಟಕ ಮೊದಲಿಂದಲೂ ನಿಂತಿರುವುದು ಹಾಡಿನ ಮೇಲೆಯೇ ಅಲ್ವಾ? ಮೈಸೂರು ಸಂಸ್ಥಾನದ ದಿವಾನ್ ರಂಗಾಚಾರ್ಲು ಅವರ ನೆನಪಿಗೆ ಮೈಸೂರಿನ ಪುರಭವನಕ್ಕೆ ಅಡಿಗಲ್ಲು ಬಿದ್ದಿದ್ದು 1884ರಲ್ಲಿ, ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದೂ ಅದೇ ವರ್ಷ. ರತ್ನಾವಳಿ ನಾಟಕ ಕಂಪನಿ ಕಟ್ಟಿದ ಎ.ವಿ. ವರದಾಚಾರ್ ಅವರ ಹಾಡು ಕೇಳುವುದಕ್ಕೇ ಜನ ಟಿಕೆಟ್ ಕೊಂಡು ಬರುತ್ತಿದ್ದರು. ಆಧುನಿಕ ನಾಟಕದವರೂ ಹಾಡನ್ನು ಬಿಡಲಿಲ್ಲ. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಅನ್ನುವ ರಂಗಸಂಸ್ಥೆ ಶುರು ಮಾಡಿದ ಬಿ.ವಿ. ಕಾರಂತರು ಚಿಕ್ಕಂದಿನಲ್ಲಿ ಗುಬ್ಬಿ ಕಂಪನಿಯಲ್ಲಿದ್ದವರು, ಅವರ ರಂಗಸಂಗೀತ ಇವತ್ತಿಗೂ ಜನರ ಬಾಯಲ್ಲಿದೆ. ಇದನ್ನೆಲ್ಲ ತಾಲೀಮಿನ ಮೊದಲ ದಿನವೇ ಎಲ್ಲರಿಗೂ ಹೇಳುತ್ತೇನೆ. ನಾವು ಹತ್ತುವ ವೇದಿಕೆ ಎಂಥದ್ದು ಅಂತ ಗೊತ್ತಿದ್ದರೆ ತಾಲೀಮಿಗೆ ಹೊತ್ತಿಗೆ ಸರಿಯಾಗಿ ಬರುತ್ತಾರೆ.

ಈಗ ಕಲಿಸುವುದು. ಹೊಸಬರು ಬಂದ ತಕ್ಷಣ ಹೇಳುವ ಮೊದಲ ಮಾತು "ಮೇಷ್ಟ್ರೇ, ನಂಗೆ ಹಾಡಕ್ಕೆ ಬರಕಿಲ್ಲ". ಮಾತಾಡಲು ಬರುವ ಎಲ್ಲರಿಗೂ ಕಂದ ಪದ್ಯ ಬರುತ್ತದೆ ಅನ್ನುವುದು ನನ್ನ ನಂಬಿಕೆ, ಅದನ್ನು ಕಣ್ಣಾರೆ ನೋಡುತ್ತಲೂ ಬಂದಿದ್ದೇನೆ. ಶುರುವಿನಲ್ಲಿ ಪೆಟ್ಟಿಗೆ, ಅಂದರೆ ನನ್ನ ಹಾರ್ಮೋನಿಯಂ, ಮುಚ್ಚಿಯೇ ಇರುತ್ತದೆ. ರಾಗ, ಶ್ರುತಿ ಯಾವುದೂ ಇಲ್ಲ. ಮೊದಲು ಪದ ಬಿಡಿಸುವುದು. ಪಾಠಕ್ಕೆ ಅಂತಲೇ ನಾನೊಂದು ಸಾಲು ಮಾಡಿಟ್ಟುಕೊಂಡಿದ್ದೇನೆ: "ಧರೆಯೊಳೆನಗೆಣೆಯಾರು, ಭೀಮನ ಗದೆಗೆ ನಾನಂಜುವೆನೆ?" ಇದನ್ನು ಕೊಟ್ಟರೆ ಹೊಸಬರು "ಧರೆಯೊ... ಳೆನಗೆ... ಣೆಯಾರು" ಅಂತ ಎಲ್ಲೆಲ್ಲೋ ಉಸಿರು ತೆಗೆದುಕೊಳ್ಳುತ್ತಾರೆ. ನೋಟ್‌ಬುಕ್ಕಿನಲ್ಲಿ ಅವರ ಕೈಯಲ್ಲೇ ಬಿಡಿಸಿ ಬರೆಸುತ್ತೇನೆ: ಧರೆಯೊಳು, ಎನಗೆ, ಎಣೆ, ಯಾರು. ಎಣೆ ಅಂದರೆ ಸಮ, ಈ ಭೂಮಿ ಮೇಲೆ ನನಗೆ ಸಮ ಯಾರಿದ್ದಾರೆ ಅಂತ ಕೇಳುತ್ತಿದ್ದಾನೆ ಅಂತ ಬಿಡಿಸಿ ಹೇಳುತ್ತೇನೆ. ಆಮೇಲೆ ಅದನ್ನೇ ಮಾತಿನಂತೆ ಹೇಳಿಸುತ್ತೇನೆ. "ನಿಮ್ಮ ದಾಯಾದಿ ರಾತ್ರೋರಾತ್ರಿ ನಾಲೆ ನೀರು ಅವನ ಗದ್ದೆಗೆ ತಿರುಗಿಸ್ಕೊಂಡ, ಬೆಳಿಗ್ಗೆ ಬದುವಿನ ಮೇಲೆ ಎದುರಿಗೆ ಸಿಕ್ಕ, ಈಗ ಹೇಳಿ" ಅನ್ನುತ್ತೇನೆ. ಅಷ್ಟೇ, ದುರ್ಯೋಧನ ಎದ್ದು ನಿಲ್ಲುತ್ತಾನೆ. ಕುರುಕ್ಷೇತ್ರ ಅಂದರೆ ಕೊನೆಗೂ ಪಾಲಿನ ಜಗಳ. ಅದನ್ನು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ.

ಕಂದಕ್ಕೆ ನಾಲ್ಕು ಸಾಲು. ಒಂದು ಮತ್ತು ಮೂರನೇ ಸಾಲಿಗೆ 12 ಮಾತ್ರೆ, ಎರಡು ಮತ್ತು ನಾಲ್ಕಕ್ಕೆ 20. ಇದನ್ನು ಲೆಕ್ಕ ಹಾಕಿ ಕಲಿಸಲು ಹೋಗುವುದಿಲ್ಲ. ಆದರೆ ಎರಡನೇ ಸಾಲು ಉದ್ದ ಇದೆ, ಅದಕ್ಕೆ ಮೊದಲೇ ಉಸಿರು ತುಂಬಿಕೊಳ್ಳಬೇಕು ಅನ್ನುವುದನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತೇನೆ. ಅರ್ಥ ಎಲ್ಲಿ ನಿಲ್ಲುತ್ತದೋ ಅಲ್ಲಿ ಉಸಿರು. ಪುಸ್ತಕದಲ್ಲಿ ಅಲ್ಲಲ್ಲಿ ಪೆನ್ಸಿಲ್ಲಿನಿಂದ ಗೆರೆ ಹಾಕಿಸುತ್ತೇನೆ. ಕಂದಕ್ಕೆ ತಾಳದ ಹಿಡಿತ ಇಲ್ಲದಿರುವುದು ಹೊಸಬರಿಗೆ ದೊಡ್ಡ ಅನುಕೂಲ. ಅವರು ನಿಂತ ಕಡೆ ನಾನೂ ಪೆಟ್ಟಿಗೆಯಲ್ಲಿ ನಿಲ್ಲುತ್ತೇನೆ. ತಾಳದ ಹಾಡು ಬಂದಾಗ ಕಷ್ಟ ಶುರು, ಅದನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ.

ಶ್ರುತಿ ಹುಡುಕುವುದಕ್ಕೆ ನನ್ನದೊಂದು ದಾರಿ ಇದೆ. "ಗದ್ದೆ ಆ ಕೊನೇಲಿ ನಿಮ್ಮ ತಮ್ಮ ಇದಾನೆ, ಕರೀರಿ" ಅನ್ನುತ್ತೇನೆ. ನಾಚಿಕೊಂಡು ಮೆಲ್ಲಗೆ ಕರೆದರೆ ಮತ್ತೆ ಕರೆಸುತ್ತೇನೆ. ಆ ಕೂಗು ಯಾವ ಸ್ವರದಲ್ಲಿ ನಿಲ್ಲುತ್ತದೋ ಅದನ್ನು ಪೆಟ್ಟಿಗೆಯಲ್ಲಿ ಹಿಡಿದು, ಅದು ಪಂಚಮ, ಅಂದರೆ 'ಪ' ಸ್ವರ, ಆಗುವ ಹಾಗೆ ಶ್ರುತಿ ಇಡುತ್ತೇನೆ. ಅದೇ ಅವರ ಸಹಜ ದನಿಯ ಎತ್ತರ, ಅಲ್ಲಿಂದ ಮೇಲೆ ಸ್ವಲ್ಪ ಎಳೆದರೂ ಗಂಟಲು ಒಡೆಯುವುದಿಲ್ಲ. ಯೂಟ್ಯೂಬ್‌ನಲ್ಲಿ ಯಾರೋ ದೊಡ್ಡ ಕಲಾವಿದರು ಹಾಡಿದ್ದನ್ನು ಕೇಳಿ ಅದೇ ಶ್ರುತಿಯಲ್ಲಿ ಕಿರುಚಿ ಗಂಟಲು ಕೆಡಿಸಿಕೊಂಡು ಬರುವವರು ತುಂಬಾ ಜನ. ಅದಕ್ಕೆ ಒಬ್ಬೊಬ್ಬರ ಪದ್ಯವನ್ನೂ ಅವರವರ ಶ್ರುತಿಯಲ್ಲೇ ನಾನು ಹಾಡಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಹಾಲು ಕರೆಯುವಾಗ, ಟ್ರ್ಯಾಕ್ಟರ್ ಓಡಿಸುವಾಗ ಕೇಳಿಕೊಳ್ಳುತ್ತಾರೆ.

ಆದರೆ ಒಬ್ಬೊಬ್ಬರಿಗೆ ಒಂದೊಂದು ಶ್ರುತಿ ಇಟ್ಟರೆ ತಬಲದವರ ಗತಿ ಏನು? ಪ್ರತಿ ಪದ್ಯಕ್ಕೂ ಸುತ್ತಿಗೆ ಹಿಡಿದು ತಬಲವನ್ನು ಶ್ರುತಿಗೆ ಕೂಡಿಸುತ್ತಾ ಕೂರಲು ಆಗುವುದಿಲ್ಲ, ಅದರಲ್ಲೂ ಮೂರು ಗಂಟೆಯ ನಾಟಕದಲ್ಲಿ. ಹಾಗಾಗಿ ಗಂಡಸರನ್ನೆಲ್ಲ ಒಂದು ಮನೆ, ಒಂದೂವರೆ ಮನೆ, ಎರಡು ಮನೆ ಶ್ರುತಿಯ ಮೂರು ಗುಂಪಿಗೆ ತರುತ್ತೇನೆ (ಮನೆ ಅಂದರೆ ಪೆಟ್ಟಿಗೆಯಲ್ಲಿ ಶ್ರುತಿ ಹಿಡಿಯುವ ಕೀಲಿ). ಮೂರಕ್ಕೂ ಬೇರೆ ಬೇರೆ ತಬಲ ಕೂಡಿಸಿಟ್ಟಿರುತ್ತಾರೆ. ಹೆಂಗಸರಿಗೆ ಸಾಮಾನ್ಯವಾಗಿ ಐದು ಮನೆ. ಕೀಬೋರ್ಡ್‌ನವರಿಗೆ ಗುಂಡಿ ಒತ್ತಿದರೆ ಶ್ರುತಿ ಬದಲಾಗುತ್ತದೆ. ಕಾಲಲ್ಲಿ ತುಳಿದು ನುಡಿಸುವ ನನ್ನ ಹಾರ್ಮೋನಿಯಂನಲ್ಲಿ ಬೆರಳೇ ಜಾಗ ಬದಲಿಸಬೇಕು. ಯಾವ ಪಾತ್ರಕ್ಕೆ ಯಾವ ಶ್ರುತಿ ಅಂತ ದೊಡ್ಡ ಅಕ್ಷರದಲ್ಲಿ ಬರೆದು ಪೆಟ್ಟಿಗೆ ಮೇಲೆ ಅಂಟಿಸಿಕೊಂಡಿರುತ್ತೇನೆ.

ಇನ್ನು ಸಮಯ ಇಳಿಸುವುದು. ನಮ್ಮ ನಾಟಕದಲ್ಲಿ ಪದ್ಯ ಹೇಳಿದ ಮೇಲೆ ಅದೇ ಅರ್ಥವನ್ನು ಮಾತಿನಲ್ಲಿ ಇನ್ನೊಮ್ಮೆ ಹೇಳುವ ರೂಢಿ ಇದೆ. ಬಯಲಲ್ಲಿ, ದೂರದಲ್ಲಿ ಚಾಪೆ ಹಾಸಿ ಕೂತ ಜನಕ್ಕೆ, ಮಧ್ಯೆ ಒಂದು ನಿದ್ದೆ ತೆಗೆದು ಎದ್ದವರಿಗೂ ಕಥೆ ತಿಳಿಯಲಿ ಅಂತ ಅದು ಬೇಕೇ ಬೇಕು. ಹಾಲ್‌ನಲ್ಲಿ ಬೇಡ. ನಾನು ಮೊದಲು ಕತ್ತರಿಸುವುದು ಇದನ್ನೇ. ಪದ್ಯ ಸ್ಪಷ್ಟವಾಗಿ ಹೇಳಿದರೆ ಅರ್ಥ ಅದರಲ್ಲೇ ಬರುತ್ತದೆ, ಕಷ್ಟದ ಪದ ಇದ್ದರೆ ಮಾತ್ರ ಒಂದೇ ವಾಕ್ಯ ಇಡುತ್ತೇನೆ. ಬರೀ ಇಷ್ಟರಿಂದಲೇ ನಾಟಕ ಎಷ್ಟು ಇಳಿಯುತ್ತದೆ ಅಂದರೆ ತಂಡದವರೇ ಗಾಬರಿಯಾಗುತ್ತಾರೆ. ಎರಡನೆಯದು ಪದ್ಯದ ಮುಂಚಿನ ಆಲಾಪನೆ. ಮೋಹನ, ಕಲ್ಯಾಣಿ, ಹಿಂದೋಳ ಯಾವುದೇ ರಾಗ ಇರಲಿ, ಒಂದು ಉಸಿರಿನ ಆಲಾಪನೆ ಸಾಕು. ಮೂರನೆಯದು ದೃಶ್ಯ ಬದಲಾವಣೆ. ಒಳಗೆ ದರ್ಬಾರ್ ಸೀನರಿ ಜೋಡಿಸುವಾಗ ಮುಂದಿನ ಪರದೆ ಬಿಟ್ಟು, ಅದರ ಮುಂದೆ ಇಬ್ಬರ ದೃಶ್ಯ ನಡೆಸುವುದು ಕಂಪನಿ ನಾಟಕದವರ ಹಳೇ ಉಪಾಯ. ಶಕುನಿ ದುರ್ಯೋಧನರ ಮಾತುಕತೆ, ಕರ್ಣ ಕುಂತಿಯರ ಭೇಟಿ ಇದಕ್ಕೆ ಹೇಳಿ ಮಾಡಿಸಿದವು. ಪರದೆ ಏಳುವ ಹೊತ್ತಿಗೆ ಹಿಂದೆ ಸಿಂಹಾಸನ ರೆಡಿ ಇರಬೇಕು. ಜನ ಖಾಲಿ ವೇದಿಕೆ ನೋಡುತ್ತಾ ಕೂರಬಾರದು.

ಕೃಷ್ಣನ ಶಯನ ದೃಶ್ಯ, ಸಂಧಾನ, ಕರ್ಣ ಕುಂತಿ, ಅಭಿಮನ್ಯು, ಗದಾಯುದ್ಧ. ಇವಿಷ್ಟು ಇಟ್ಟುಕೊಂಡರೆ ಕಥೆ ಎಲ್ಲೂ ಕಡಿದುಹೋಗುವುದಿಲ್ಲ. ಮಧ್ಯದ ಹಾಸ್ಯ, ನೃತ್ಯ ಬಿಡುತ್ತೇನೆ. ಪ್ರತಿಯೊಬ್ಬ ಪಾತ್ರಧಾರಿಗೂ ಕನಿಷ್ಠ ಒಂದು ಪೂರ್ತಿ ಪದ್ಯ ಸಿಗಬೇಕು, ಇದರಲ್ಲಿ ರಾಜಿ ಇಲ್ಲ. ಹೋದ ಸಲ ಇಬ್ಬರು ದುರ್ಯೋಧನರಿಗೂ ಗದಾಯುದ್ಧವೇ ಬೇಕಿತ್ತು. ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಎರಡೂ ಕಡೆಯ ಪದ್ಯ ಹೇಳಿಸಿದೆ. ಒಬ್ಬರ ದನಿ ಕೆಳಗಿನ ಸ್ವರದಲ್ಲಿ ಗಟ್ಟಿ, ಸಭೆಯಲ್ಲಿ ಕೂತು ಕೃಷ್ಣನಿಗೆ ಉತ್ತರ ಕೊಡಲು ಅದೇ ಚೆನ್ನ. ಇನ್ನೊಬ್ಬರದು ಮೇಲೆ ಹೋದಷ್ಟೂ ಬಿರುಸು. ಕೂತು ಕೇಳುತ್ತಿದ್ದ ಊರ ಹಿರಿಯರೇ ತೀರ್ಮಾನ ಹೇಳಿದರು, ಇಬ್ಬರೂ ಒಪ್ಪಿದರು.

ಕಿರೀಟದ ಬಗ್ಗೆ ಹೇಳಲೇಬೇಕು. ಸೀನರಿಯವರ ಕಿರೀಟ ಭಾರ, ಗಲ್ಲದ ಕೆಳಗೆ ದಾರ ಬಿಗಿದು ಕಟ್ಟುತ್ತಾರೆ. ತಾರ ಸ್ಥಾಯಿಗೆ, ಅಂದರೆ ಮೇಲಿನ ಸ್ವರಗಳಿಗೆ, ಹೋಗುವಾಗ ಬಾಯಿ ಅಗಲ ತೆರೆಯಬೇಕಲ್ಲ, ಆಗ ಆ ದಾರ ದವಡೆಯನ್ನು ಹಿಡಿದುಬಿಡುತ್ತದೆ, ತಾಲೀಮಿನಲ್ಲಿ ಸಲೀಸಾಗಿ ಬಂದ ಸ್ವರ ವೇದಿಕೆ ಮೇಲೆ ಬರುವುದೇ ಇಲ್ಲ. ಅದಕ್ಕೆ ಕೊನೆಯ ತಾಲೀಮುಗಳಲ್ಲಿ ಎಲ್ಲರೂ ತಲೆಗೆ ಟವೆಲ್ ಸುತ್ತಿ, ಗಲ್ಲಕ್ಕೆ ದಾರ ಕಟ್ಟಿಕೊಂಡೇ ಹಾಡಬೇಕು. ನಾಟಕದ ದಿನ ದಾರ ಕಟ್ಟುವಾಗ ಬಾಯಿ ಪೂರ್ತಿ ತೆರೆದು ಕಟ್ಟಿಸಿಕೊಳ್ಳಿ. ಕಾಲರ್ ಮೈಕ್ ಕೊಡುತ್ತೇವೆ ಅಂದರೂ ಬೇಡ ಅನ್ನುತ್ತೇನೆ. ಎದೆ ಮೇಲಿನ ಹಾರ, ಮಣಿ ತಗುಲಿ ಒಂದೇ ಸಮ ಕರಕರ ಅನ್ನುತ್ತದೆ. ಮೇಲಿಂದ ಇಳಿಬಿಟ್ಟ ಮೈಕು, ಮುಂದೆರಡು ಸ್ಟ್ಯಾಂಡ್ ಮೈಕು ಸಾಕು.

ದ್ರೌಪದಿ, ಕುಂತಿ, ಉತ್ತರೆ ಪಾತ್ರದ ಕಲಾವಿದೆಯರು ಬರುವುದು ಕೊನೆಯ ಒಂದೆರಡು ತಾಲೀಮಿಗೆ ಮಾತ್ರ. ಅವರಿಗೆ ಇಡೀ ನಾಟಕ ಬಾಯಿಪಾಠ. ಎದುರಿಗಿರುವ ಕರ್ಣ ಮಾತು ಮರೆತು ನಿಂತರೆ "ಮಗನೇ, ನೀನು ಹೀಗೆ ಕೇಳಬೇಕೆಂದಿರುವೆಯಾ?" ಅಂತ ಅವನ ಮಾತನ್ನೂ ತಾವೇ ಹೇಳಿ ದೃಶ್ಯ ದಾಟಿಸುತ್ತಾರೆ, ಕೂತವರಿಗೆ ಗೊತ್ತೇ ಆಗುವುದಿಲ್ಲ. ಅರ್ಧ ನಾಟಕ ನಿಂತಿರುವುದು ಅವರ ಮೇಲೆ. ಸಮಯ ಕಡಿಮೆ ಅಂತ ಅವರ ಪದ್ಯಗಳನ್ನು ಮೊದಲು ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರಿಗೆ ಬೇರೆ ಕೋಣೆ, ಹೊತ್ತಿಗೆ ಊಟ, ಬಣ್ಣ ತೆಗೆಯುವ ಮೊದಲೇ ಕೈಗೆ ಸಂಭಾವನೆ. ಇದನ್ನು ತಂಡ ಒಪ್ಪಿದರೆ ಮಾತ್ರ ನಾನು ಪೆಟ್ಟಿಗೆ ಎತ್ತಿಕೊಂಡು ಬರುವುದು.

ಒನ್ಸ್ ಮೋರ್ ಬಂದರೆ ಏನು ಮಾಡುವುದು ಅಂತ ಎಲ್ಲರೂ ಕೇಳುತ್ತಾರೆ. ಹಾಲ್‌ನಲ್ಲಿ ಪೂರ್ತಿ ಪದ್ಯ ಮತ್ತೆ ಹೇಳಲು ಸಮಯ ಇರುವುದಿಲ್ಲ, ಕೊನೆಯ ಸಾಲು ಮಾತ್ರ ಇನ್ನೊಮ್ಮೆ ಹೇಳಿಸುತ್ತೇನೆ. ಹಾರ ಹಾಕುವುದು, ನೋಟು ಸಿಕ್ಕಿಸುವುದೆಲ್ಲ ನಾಟಕ ಮುಗಿದ ಮೇಲೆ ಅಂತ ಮೊದಲೇ ಊರಲ್ಲಿ ಹೇಳಿಬಿಡಿ. ವೇದಿಕೆ ಮೇಲೆ ತಡೆಯಲು ಹೋದರೆ ಮನಸ್ತಾಪ.

ಇನ್ನೊಂದು ಮಾತು. ಹಾಲ್‌ಗೆ ಇಳಿಸಿದ ನಾಟಕವನ್ನೇ ಊರ ಜಾತ್ರೆಗೆ ಆಡಬೇಡಿ. ಅಲ್ಲಿ ಜನಕ್ಕೆ ಬೆಳಗಿನ ಜಾವದವರೆಗೆ ಬೇಕು, ಆಲಾಪನೆ, ಹಾಸ್ಯ, ಮಾತು ಎಲ್ಲ ಬೇಕು. ನಾನು ಎರಡು ಪುಸ್ತಕ ಇಟ್ಟುಕೊಂಡಿದ್ದೇನೆ, ಹಾಲ್‌ನದಕ್ಕೆ ಕೆಂಪು ಶಾಯಿಯಲ್ಲಿ ಗುರುತು, ಬಯಲಿನದಕ್ಕೆ ಗುರುತೇ ಇಲ್ಲ. ಈ ದಸರಾ ಮುಗಿದ ಮೇಲೆ ಕೊಯ್ಲಿಗೆ ಎಲ್ಲರೂ ಹೋಗುತ್ತಾರೆ. ಸುಗ್ಗಿ ಆದ ಕೂಡಲೇ ಇದೇ ತಂಡಕ್ಕೆ ಬಿಟ್ಟ ಭಾಗಗಳನ್ನೆಲ್ಲ ಸೇರಿಸಿ ತಾಲೀಮು ಶುರು ಮಾಡುತ್ತೇನೆ. ಆಗ ಇಬ್ಬರು ದುರ್ಯೋಧನರ ಜೊತೆ ಮೂರನೆಯವನಿಗೂ ಜಾಗ ಇರುತ್ತದೆ. ಕೇಳಿಕೊಂಡು ಈಗಾಗಲೇ ಒಬ್ಬರು ಬಂದಿದ್ದಾರೆ.